ತರಬೇತಿ ಬೇಕಾದ್ದು ಯಾರಿಗೆ?

ತರಬೇತಿ ಎಂಬ ಮಾತು ಕಿವಿಗೆ ಬಿದ್ದರೆ ನಮ್ಮ ಕಡೆಯ ಜನ ಮೊದಲು ತಮ್ಮ ನೆಲ ಎಲ್ಲಿದೆ ಅಂತ ನೋಡಿಕೊಳ್ಳುತ್ತಾರೆ. ಇದು ಚೇಷ್ಟೆಯ ಮಾತಲ್ಲ. ನಾವು ದೊಡ್ಡಉಳ್ಳಾರ್ತಿಯಲ್ಲಿ ಕೂತು ಬರೆಯುತ್ತಿದ್ದೇವೆ. ಚಳ್ಳಕೆರೆ ತಾಲ್ಲೂಕಿನ ಅಮೃತಮಹಲ್ ಕಾವಲುಗಳಲ್ಲಿ, ನಮ್ಮ ಉಳ್ಳಾರ್ತಿ ಕಾವಲನ್ನೂ ಸೇರಿಸಿ, ಸುಮಾರು 10,000 ಎಕರೆಯನ್ನು 2007ರಿಂದೀಚೆಗೆ ನಾಲ್ಕೈದು ವರ್ಷದಲ್ಲಿ ಸರ್ಕಾರ ರಕ್ಷಣಾ ಸಂಶೋಧನೆಗೆ, ಪರಮಾಣು ಕೇಂದ್ರಕ್ಕೆ, ವಿಜ್ಞಾನ ಸಂಸ್ಥೆಗೆ ಹಂಚಿಬಿಟ್ಟಿತು. ಕುರಿ ದನ ಮೇಯುತ್ತಿದ್ದ ಹುಲ್ಲುಗಾವಲಿಗೆ ಅಡ್ಡಲಾಗಿ ಗೋಡೆ ಎದ್ದಿತು. ಊರುಗಳು ಬೀದಿಗಿಳಿದವು, ಹಸಿರು ನ್ಯಾಯಮಂಡಳಿಗೆ ಹೋದವು, 2014ರ ಆಗಸ್ಟಿನಲ್ಲಿ ತೀರ್ಪೂ ಬಂತು. ಗೋಡೆ ಬೀಳಲಿಲ್ಲ. ಆ ಗೋಡೆಯೊಳಗೆ ವಿಜ್ಞಾನ ಸಂಸ್ಥೆಯವರು ಹಳ್ಳಿ ಮೇಷ್ಟ್ರುಗಳಿಗೆ ತರಬೇತಿ ಕೊಡುತ್ತಾರೆ. ಹೋಗಿಬಂದ ಮೇಷ್ಟ್ರುಗಳು ಚೆನ್ನಾಗಿ ಹೇಳಿಕೊಡ್ತಾರೆ ಅಂತಲೇ ಅನ್ನುತ್ತಾರೆ. ಇರಲಿ, ಅದು ಒಳ್ಳೆಯದೇ. ಆದರೆ ಗೋಡೆ ಎಲ್ಲಿ ಕಟ್ಟಬೇಕು ಅಂತ ತೀರ್ಮಾನ ಮಾಡಿದ ದಿನ ನಮ್ಮನ್ನು ಯಾರೂ ಕರೆಯಲಿಲ್ಲ. ಕಟ್ಟಿ ಮುಗಿದ ಮೇಲೆ ತರಬೇತಿಗೆ ಕರೆದರು.

ಈಗ ಅದೇ ಮಾತು ಚರ್ಚುಗಳ ಕಡೆಯಿಂದ ಬರುತ್ತಿದೆ. ‘ಶ್ರೀಸಾಮಾನ್ಯರ ಸಬಲೀಕರಣ’, ‘ವಿಶ್ವಾಸಿಗಳಿಗೆ ಸೇವಾ ತರಬೇತಿ’, ‘ನಾಯಕತ್ವ ಶಿಬಿರ’. ಮೂರು ದಿನ ಪೇಟೆಯಲ್ಲಿ ವಸತಿ, ಒಂದು ಫೈಲು, ಒಂದು ಪೆನ್ನು, ಮಧ್ಯಾಹ್ನ ಚಿತ್ರಾನ್ನ, ಕೊನೆಗೆ ಸರ್ಟಿಫಿಕೇಟು ಹಿಡಿದು ಗುಂಪು ಫೋಟೊ. ಶ್ರೀಸಾಮಾನ್ಯ ಅಂದರೆ ಯಾರಪ್ಪಾ ಅಂತ ಕೇಳಿದರೆ, ಪಾದ್ರಿ ಅಲ್ಲದವನು, ಸಿಸ್ಟರ್ ಅಲ್ಲದವಳು ಅಂತಾರೆ. ಅಂದರೆ ನೂರಕ್ಕೆ ತೊಂಬತ್ತೊಂಬತ್ತು ಜನ! ಇಷ್ಟು ಜನಕ್ಕೆ ‘ಶ್ರೀ’ ಅಂತ ಮುಂದೆ ಅಂಟಿಸಿ, ಅವರು ಏನು ಅಲ್ಲವೋ ಅದರಿಂದಲೇ ಅವರನ್ನು ಗುರುತಿಸಿದ್ದಾರೆ. ಅಸ್ಪೃಶ್ಯ, ಅವರ್ಣ, ಅನಕ್ಷರಸ್ಥ — ನಮಗೆ ಈ ‘ಅಲ್ಲ’ ಹೊಸದೇನಲ್ಲ.

ಕಲಿಯುವುದರ ಮೇಲೆ ನಮಗೆ ತಕರಾರಿಲ್ಲ. ಮನೆತನದಲ್ಲಿ ಮೊದಲ ಸಲ ಬಿ.ಎ. ಅಂತ ಬರೆಸಿಕೊಂಡವರು ನಾವು, ಅಕ್ಷರದ ಬೆಲೆಯನ್ನು ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಕಲಿಸಿ ಆದಮೇಲೆ ಕೈಗೆ ಏನು ಕೊಡುತ್ತೀರಿ ಎಂಬುದೇ ನಮ್ಮ ಪ್ರಶ್ನೆ. ಅಧಿಕಾರ ಕೊಡದೆ ಕೊಡುವ ತರಬೇತಿ ಬಿಟ್ಟಿ ಚಾಕರಿಗೆ ಇಟ್ಟ ಇನ್ನೊಂದು ಹೆಸರು.

ಬಂಡಾಯದ ಪತ್ರಿಕೆಯಲ್ಲಿ ಚರ್ಚಿನ ಪುರಾಣ ಯಾಕೆ ಅಂತ ಕೆಲವು ಗೆಳೆಯರು ಮೂಗು ಮುರಿಯಬಹುದು. ಚರ್ಚಿನಲ್ಲಿ ಕೂತಿರುವವರು ಯಾರು ಅಂತ ಅವರು ಒಮ್ಮೆ ಬಾಗಿಲಿಂದ ಇಣುಕಿ ನೋಡಲಿ. ಭಾರತದ ಕ್ಯಾಥೊಲಿಕ್ ಧರ್ಮಾಧ್ಯಕ್ಷರ ಮಂಡಳಿ 2016ರಲ್ಲಿ ದಲಿತ ಸಬಲೀಕರಣ ನೀತಿ ಅಂತ ಒಂದು ಪತ್ರ ಹೊರಡಿಸಿತು. ಅದರ ಲೆಕ್ಕದಲ್ಲೇ 1 ಕೋಟಿ 90 ಲಕ್ಷ ಕ್ಯಾಥೊಲಿಕರಲ್ಲಿ 1 ಕೋಟಿ 20 ಲಕ್ಷ ನಮ್ಮವರು. ಸಭೆಯೊಳಗೆ ಅಸ್ಪೃಶ್ಯತೆ ಇದೆ ಅಂತಲೂ ಅದರಲ್ಲಿ ಒಪ್ಪಿಕೊಂಡಿದ್ದಾರೆ. ನಮ್ಮ ಎ.ಕೆ. ಕಾಲೋನಿಗಳಲ್ಲಿ ಒಂದೇ ಮನೆಯೊಳಗೆ ಅಣ್ಣ ಮಾರಮ್ಮನ ಮುಂದೆ ಉರುಮೆ ಬಡಿಯುತ್ತಾನೆ, ತಮ್ಮ ಭಾನುವಾರ ಬೈಬಲ್ ಹಿಡಿಯುತ್ತಾನೆ, ಮಗಳು ಅಂಬೇಡ್ಕರ್ ಜಯಂತಿಗೆ ಭಾಷಣ ಬರೆಯುತ್ತಾಳೆ. ಮೂವರಿಗೂ ಊರೊಳಗೆ ಸಿಕ್ಕುವ ಮರ್ಯಾದೆ ಒಂದೇ. ಸರ್ಕಾರ ಮಾತ್ರ ತಮ್ಮನನ್ನು ಬೇರೆ ಸಾಲಿನಲ್ಲಿ ನಿಲ್ಲಿಸಿದೆ. 1950ರ ರಾಷ್ಟ್ರಪತಿ ಆದೇಶ ಹಿಂದೂಗಳು ಮಾತ್ರ ಪರಿಶಿಷ್ಟ ಜಾತಿ ಅಂದಿತು. 1956ರಲ್ಲಿ ಸಿಖ್ಖರನ್ನು, 1990ರಲ್ಲಿ ಬೌದ್ಧರನ್ನು ಸೇರಿಸಿದರು. ಕ್ರೈಸ್ತರಾದ ಮಾದಿಗರು, ಹೊಲೆಯರು ಹೊರಗೇ ನಿಂತರು. ಕರ್ನಾಟಕದಲ್ಲಿ ಅವರಿಗೆ ಹಿಂದುಳಿದ ವರ್ಗದ ಪ್ರವರ್ಗ 1 ಸಿಕ್ಕಿತು. ರಂಗನಾಥ ಮಿಶ್ರಾ ಆಯೋಗ 2007ರಲ್ಲಿ ಧರ್ಮದ ಈ ಷರತ್ತನ್ನು ತೆಗೆದುಹಾಕಿ ಅಂತ ವರದಿ ಕೊಟ್ಟಿತು. ವರದಿ ಬೀರು ಸೇರಿತು. ಹೀಗೆ ಸರ್ಕಾರದ ಬಾಗಿಲಲ್ಲಿ ‘ನೀನು ದಲಿತ ಅಲ್ಲ’ ಅನ್ನಿಸಿಕೊಂಡವನು ಸಭೆಯ ಬಾಗಿಲಲ್ಲಿ ‘ನೀನು ಗುರು ಅಲ್ಲ’ ಅನ್ನಿಸಿಕೊಳ್ಳುತ್ತಿದ್ದಾನೆ. ಇವನ ಜಗಳ ನಮ್ಮ ಜಗಳ ಅಲ್ಲವೇ?

ಉಪದೇಶಿ ಎಂಬ ಮನುಷ್ಯನನ್ನು ನೀವು ನೋಡಿದ್ದೀರಾ? ಗ್ರಾಮಾಂತರದ ಮೇಷ್ಟ್ರುಗಳು ಖಂಡಿತ ನೋಡಿರುತ್ತೀರಿ, ಅವನೂ ಒಂಥರಾ ನಿಮ್ಮ ಸಂಬಳವಿಲ್ಲದ ದಾಯಾದಿ. ಹಳೇ ಟಿವಿಎಸ್ ಗಾಡಿ, ಹ್ಯಾಂಡಲಿಗೆ ಚೀಲ, ಚೀಲದಲ್ಲಿ ಬೈಬಲ್ಲು, ಕೀರ್ತನೆ ಪುಸ್ತಕ, ಜೊತೆಗೆ ಯಾರದೋ ರೇಷನ್ ಕಾರ್ಡಿನ ಅರ್ಜಿ. ವಾರವೆಲ್ಲ ಕೂಲಿ, ಭಾನುವಾರ ಮೂರು ಊರು. ಅವನೇ ಗಂಟೆ ಹೊಡೆಯಬೇಕು, ಅವನೇ ಕಸ ಗುಡಿಸಿ ಚಾಪೆ ಹಾಸಬೇಕು, ಅಧ್ಯಾಯ ಓದಿ ಅರ್ಥ ಹೇಳಬೇಕು. ಕಾಯಿಲೆಯವರನ್ನು ದುರ್ಗದ ಆಸ್ಪತ್ರೆಗೆ ಕರೆದುಕೊಂಡು ಹೋಗಿ ರಾತ್ರಿಯೆಲ್ಲ ಜಗುಲಿಯಲ್ಲಿ ಮಲಗುವವನು ಅವನು. ಗಂಡ ಹೆಂಡಿರ ಜಗಳ ಬಿಡಿಸುವವನು ಅವನು. ಯಾರಾದರೂ ಸತ್ತರೆ ಗುಂಡಿ ತೋಡುವ ನಾಲ್ಕು ಜನರಲ್ಲಿ ಅವನೂ ಒಬ್ಬ. ಅಯ್ಯನವರಿಗೆ ಬರೋಕೆ ಆಗಲ್ಲ ಅಂತ ಫೋನ್ ಬಂದ ಮೇಲೆ, ಮಣ್ಣು ಮೆತ್ತಿದ ಅದೇ ಕೈಯಲ್ಲಿ ಪುಸ್ತಕ ಹಿಡಿದು ಮಣ್ಣಿನ ಪ್ರಾರ್ಥನೆ ಹೇಳುವವನೂ ಅವನೇ.

ಆದರೆ ರೊಟ್ಟಿ ಮುರಿಯುವ ದಿನ ಅವನು ಹಿಂದೆ ನಿಲ್ಲಬೇಕು. ತಿಂಗಳಿಗೊಮ್ಮೆ, ಕೆಲವು ಕಡೆ ಮೂರು ತಿಂಗಳಿಗೊಮ್ಮೆ, ಪೇಟೆಯಿಂದ ಕಾರು ಬರುತ್ತದೆ. ಅಯ್ಯನವರು ಇಳಿಯುತ್ತಾರೆ. ಬಿಳಿ ನಿಲುವಂಗಿ ಹಾಕಿಕೊಳ್ಳುತ್ತಾರೆ. ಮುಕ್ಕಾಲು ಗಂಟೆಯಲ್ಲಿ ಕರ್ತನ ಭೋಜನ ಮುಗಿಯುತ್ತದೆ. ರಿಜಿಸ್ಟರಿನಲ್ಲಿ ಅವರ ಸಹಿ ಬೀಳುತ್ತದೆ. ಕಾಣಿಕೆ ಚೀಲ ಅವರ ಜೊತೆ ಕಾರಿಗೆ ಹತ್ತುತ್ತದೆ. ಕಾಲೋನಿಯ ಅಜ್ಜಿಯೊಬ್ಬರು ಒಂದು ಸಲ ಹೀಗಂದರು: “ಅಲ್ಲ ಕಣ್ರಪ್ಪಾ, ನನ್ನ ಮೊಮ್ಮಗನ್ನ ಮಣ್ಣು ಮಾಡಾಕೆ ಈ ಉಪದೇಶಿ ಕೈ ಆಯ್ತು. ನನಗೆ ಒಂದು ತುಣುಕು ರೊಟ್ಟಿ ಕೊಡಾಕೆ ಆಗಂಗಿಲ್ಲಾ?” ಈ ಪ್ರಶ್ನೆಗೆ ಉತ್ತರ ಕೊಡಬಲ್ಲ ದೇವತಾಶಾಸ್ತ್ರದ ಪುಸ್ತಕ ನಮ್ಮ ಕೈಗೆ ಇನ್ನೂ ಸಿಕ್ಕಿಲ್ಲ.

ಅವನಿಗೆ ಸಿಕ್ಕುವುದಕ್ಕೆ ಸಂಬಳ ಅನ್ನುವುದಿಲ್ಲ, ‘ಗೌರವಧನ’ ಅಂತಾರೆ. ಧನ ಕಡಿಮೆಯಾದಷ್ಟೂ ಗೌರವ ಜಾಸ್ತಿ ಅಂತ ಇರಬೇಕು. ತೋಟಿ ತಳವಾರರಿಗೂ ಊರು ಹೀಗೇ ಗೌರವ ಕೊಡುತ್ತಿತ್ತು. ಸುಗ್ಗಿಯಲ್ಲಿ ಮೊರ ತುಂಬ ರಾಗಿ, ಹಬ್ಬದಲ್ಲಿ ಹಳೇ ಪಂಚೆ, ವರ್ಷವೆಲ್ಲ ‘ನೀನು ಇಲ್ಲದಿದ್ರೆ ಊರು ನಡೆಯೋಲ್ಲ ಕಣೋ’ ಎಂಬ ಹೊಗಳಿಕೆ.

ಕಲಿಯದವನಿಗೆ ಪೂಜೆಯ ಅಧಿಕಾರ ಕೊಟ್ಟರೆ ತಪ್ಪು ಬೋಧನೆ ಹರಡೀತು, ಅದಕ್ಕೇ ಮೊದಲು ತರಬೇತಿ, ಆಮೇಲೆ ನೋಡೋಣ ಅಂತಾರೆ. ಚರಿತ್ರೆ ಏನು ಹೇಳುತ್ತದೆ? ನಮ್ಮ ಬೀಗರೆಲ್ಲ ಕಲ್ಯಾಣದುರ್ಗ, ರಾಯದುರ್ಗದ ಕಡೆಯವರು, ತೆಲುಗು ಸೀಮೆಯ ಕಥೆ ನಮಗೆ ದೂರದ್ದಲ್ಲ. ಒಂಗೋಲಿನ ಸುತ್ತ ಯರ್ರಗುಂಟ್ಲ ಪೇರಯ್ಯ ಎಂಬ ಮಾದಿಗನಿದ್ದ. ಚರ್ಮದ ವ್ಯಾಪಾರ ಅವನ ಕಸುಬು. 1866ರಲ್ಲಿ ಅವನೂ ಅವನ ಹೆಂಡತಿ ನಾಗಮ್ಮನೂ ದೀಕ್ಷಾಸ್ನಾನ ಪಡೆದರು. ಅಮೆರಿಕದ ಬ್ಯಾಪ್ಟಿಸ್ಟ್ ಮಿಷನರಿ ಜಾನ್ ಕ್ಲಫ್ ಆ ಹಳ್ಳಿಗಳನ್ನು ಸರಿಯಾಗಿ ಸುತ್ತುವ ಮೊದಲೇ ಪೇರಯ್ಯ ತೊಗಲಿನ ದಾರಿಯಲ್ಲಿ, ನೆಂಟರ ದಾರಿಯಲ್ಲಿ ಕೇರಿಯಿಂದ ಕೇರಿಗೆ ನಡೆದು ಸುದ್ದಿ ಮುಟ್ಟಿಸಿದ್ದ. ಅವನಿಗೆ ಯಾವ ಸೆಮಿನರಿ ತರಬೇತಿ ಕೊಟ್ಟಿತ್ತು? 1876ರಲ್ಲಿ ಹಿಡಿದ ಧಾತು ಈಶ್ವರ ಬರದಲ್ಲಿ ಕ್ಲಫ್ ಬಕಿಂಗ್‌ಹ್ಯಾಮ್ ಕಾಲುವೆಯ ಒಂದು ಭಾಗದ ಗುತ್ತಿಗೆ ಹಿಡಿದು ಜನಕ್ಕೆ ಕೂಲಿ ಕೊಡಿಸಿದ. ಅಲ್ಲಿ ಕೆಲಸದ ಮೇಸ್ತ್ರಿಗಳಾಗಿ ನಿಂತವರು ಅವನ ಬೋಧಕರೇ. ಬರ ಇಳಿಯುವ ತನಕ ಅನ್ನದಾಸೆಗೆ ಬಂದರೆಂಬ ಮಾತು ಬರಬಾರದೆಂದು ಯಾರಿಗೂ ದೀಕ್ಷೆ ಕೊಡಲಿಲ್ಲ. ಆಮೇಲೆ 1878ರ ಜುಲೈ 3ರಂದು ಗುಂಡ್ಲಕಮ್ಮ ಹೊಳೆಯಲ್ಲಿ ಒಂದೇ ದಿನ 2,222 ಜನ ಮುಳುಗಿ ಎದ್ದರು. ಅವತ್ತು ನೀರಿಗಿಳಿದು ದೀಕ್ಷೆ ಕೊಟ್ಟದ್ದು ಕ್ಲಫ್ ಅಲ್ಲ. ಆರು ಜನ ತೆಲುಗು ಬೋಧಕರು ಇಬ್ಬಿಬ್ಬರಂತೆ ಪಾಳಿಯ ಮೇಲೆ ಆ ಕೆಲಸ ಮಾಡಿದರು. ದೊರೆ ದಡದ ಮೇಲಿದ್ದ.

ಅತ್ತ ಪಂಜಾಬಿನ ಸಿಯಾಲ್‌ಕೋಟಿನಲ್ಲೂ ಹೀಗೇ ಆಯಿತು. ಡಿತ್ತ್ ಎಂಬ ಚೂಹ್ರಾ ಜಾತಿಯ ಕುಂಟ, ತೊಗಲು ಕೊಳ್ಳುವ ಬಡವ. 1873ರಲ್ಲಿ ಮಿಷನರಿಯ ಹತ್ತಿರ ಹೋಗಿ ದೀಕ್ಷೆ ಕೇಳಿದ. ಇವನಿಗೆ ಇನ್ನೂ ಸಾಕಷ್ಟು ಗೊತ್ತಿಲ್ಲವಲ್ಲ ಅಂತ ಮಿಷನರಿ ಅನುಮಾನಿಸಿದ. ಕೊನೆಗೆ ಕೊಟ್ಟ. ಕೊಟ್ಟ ಮೇಲೆ, ಇಲ್ಲೇ ಇದ್ದು ಇನ್ನಷ್ಟು ಕಲಿತುಕೊಂಡು ಹೋಗು ಅಂದ. ಡಿತ್ತ್ ಒಪ್ಪಲಿಲ್ಲ, ನನ್ನ ಜನರ ಹತ್ತಿರ ಹೋಗ್ತೀನಿ ಅಂತ ಹೊರಟುಬಿಟ್ಟ. ಮುಂದಿನ ನಲವತ್ತು ವರ್ಷದಲ್ಲಿ ಆ ಜಿಲ್ಲೆಯ ಚೂಹ್ರಾ ಜನ ಬಹುಪಾಲು ಕ್ರೈಸ್ತರಾದರು. ಸಂಗಾತಿಗಳೇ, ಇಬ್ಬರೂ ತೊಗಲಿನ ವ್ಯಾಪಾರಿಗಳು. ಇಬ್ಬರೂ ಶಿಬಿರಕ್ಕೆ ಹೋಗದವರು. ಈ ದೇಶದಲ್ಲಿ ಚರ್ಚುಗಳನ್ನು ತುಂಬಿಸಿದ ಕಾಲು ಇಂಥವರದು. ಅದೇ ಚರ್ಚು ಇವತ್ತು ಇವರ ಮೊಮ್ಮಕ್ಕಳನ್ನು ಕೂರಿಸಿಕೊಂಡು ‘ಸುವಾರ್ತೆ ಸಾರುವುದು ಹೇಗೆ’ ಅಂತ ಪಾಠ ಹೇಳುತ್ತಿದೆ.

ನಮ್ಮ ಹಟ್ಟಿಗಳಿಗಂತೂ ದೇವರ ಕೆಲಸ ಹೊಸದೇ ಅಲ್ಲ. ಮಾರಮ್ಮನ ಕಥೆ ಹಾಡುವ ಆಸಾದಿ ಮಾದಿಗನೇ. ಜಾತ್ರೆಯ ದಿನ ಅವನು ಬೈದರೆ ಊರ ದೊಡ್ಡವರೂ ಬಾಯಿ ಮುಚ್ಚಿಕೊಂಡು ಕೇಳಬೇಕು. ಆದರೆ ಆ ಅಧಿಕಾರ ಜಾತ್ರೆ ಮುಗಿಯುವ ತನಕ ಮಾತ್ರ, ಅದೂ ಅಪ್ಪನಿಂದ ಮಗನಿಗೆ ಮಾತ್ರ. ಮಾರನೇ ದಿನ ಅವನು ಅದೇ ದೊಡ್ಡವರ ಹೊಲದಲ್ಲಿ ಶೇಂಗಾ ಕೀಳುತ್ತಾನೆ. ಇದಕ್ಕಿಂತ ಹೆಚ್ಚಿನದು ಸಿಕ್ಕುತ್ತದೆ ಅಂತ ತಾನೇ ನಮ್ಮ ಜನ ಶಿಲುಬೆಯ ಕಡೆ ಹೋದದ್ದು?

ಬೆಂಗಳೂರಿನಲ್ಲಿ ಏನೂ ಆಗಿಲ್ಲ ಅಂತ ನಾವು ಹೇಳುವುದಿಲ್ಲ. ಎಂಟು ವರ್ಷದ ಅವಧಿಯಲ್ಲಿ ಅಲ್ಲಿ ಮೂರು ದೊಡ್ಡ ಕೆಲಸ ಶುರುವಾದವು. 1963ರಲ್ಲಿ ವೈಟ್‌ಫೀಲ್ಡಿನಲ್ಲಿ ಎಂ.ಎ. ಥಾಮಸ್ ಅವರ ಎಕ್ಯುಮೆನಿಕಲ್ ಕ್ರಿಶ್ಚಿಯನ್ ಸೆಂಟರ್. 1967ರಲ್ಲಿ ಡಿ.ಎಸ್. ಅಮಲೋರ್‌ಪವದಾಸ್ ಅವರು ಕಟ್ಟಿದ, ಎನ್.ಬಿ.ಸಿ.ಎಲ್.ಸಿ. ಅಂತ ಕರೆಯುವ ಕ್ಯಾಥೊಲಿಕ್ ಕೇಂದ್ರ. 1971ರಲ್ಲಿ, ಸೆಮಿನರಿಗೆ ಹೋಗಲಾಗದವನಿಗೆ ಅವನಿದ್ದ ಕಡೆಗೇ ಪಾಠ ಮುಟ್ಟಿಸುವ ‘ತಾಫ್ತಿ’ ಎಂಬ ಸಂಸ್ಥೆ. ಇದರ ಹಿಂದೆ ದೊಡ್ಡ ಗಾಳಿಯೇ ಬೀಸಿತ್ತು. 1962ರಿಂದ 1965ರ ತನಕ ರೋಮಿನಲ್ಲಿ ನಡೆದ ಎರಡನೆಯ ವ್ಯಾಟಿಕನ್ ಮಹಾಸಭೆ ಪೂಜೆಯನ್ನು ಲ್ಯಾಟಿನ್ನಿನಿಂದ ಬಿಡಿಸಿ ಜನರ ನುಡಿಗೆ ತಂದಿತು. ದೀಕ್ಷಾಸ್ನಾನ ಪಡೆದ ಪ್ರತಿಯೊಬ್ಬರಿಗೂ ಕ್ರಿಸ್ತನ ಯಾಜಕತ್ವದಲ್ಲಿ ಪಾಲಿದೆ ಅಂದಿತು. 1965ರ ನವೆಂಬರಿನಲ್ಲಿ ಶ್ರೀಸಾಮಾನ್ಯರ ಸೇವೆಯ ಬಗ್ಗೆಯೇ ಒಂದು ಪ್ರತ್ಯೇಕ ಆಜ್ಞೆ ಹೊರಡಿಸಿತು. ನಮ್ಮ ಕಡೆ ಕನ್ನಡದ ಬೈಬಲ್ಲು 1831ರ ಹೊತ್ತಿಗೇ ಬಳ್ಳಾರಿಯ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಮತ್ತು ಜೊತೆಯವರ ಕೈಯಲ್ಲಿ ಪೂರ್ತಿಯಾಗಿತ್ತು. ಪೂಜೆ ಕನ್ನಡಕ್ಕೆ ಬರಲು ಇನ್ನೂ ನೂರ ಮೂವತ್ತು ವರ್ಷ ಹಿಡಿಯಿತು ಅಂದರೆ ಯಾರು ಯಾರನ್ನು ಕಾಯಿಸಿದರು ಅಂತ ನೀವೇ ಲೆಕ್ಕ ಹಾಕಿ.

ಗಾಳಿ ಬೀಸಿತು ನಿಜ, ಬಾಗಿಲು ಎಷ್ಟು ತೆರೆಯಿತು? 1983ರ ಕ್ಯಾಥೊಲಿಕ್ ಧರ್ಮಸಂಹಿತೆ ನೋಡಿ. ಧರ್ಮಕೇಂದ್ರದ ಪಾಲನಾ ಸಮಿತಿಗೆ ಸಲಹೆ ಕೊಡುವ ಮತ ಮಾತ್ರ. ಹಣಕಾಸು ಸಮಿತಿ ಕಡ್ಡಾಯ, ಆದರೆ ಅದೂ ಗುರುಗಳಿಗೆ ನೆರವಾಗುವುದಕ್ಕೆ. ಆಡಳಿತದ ಅಧಿಕಾರದಲ್ಲಿ ಶ್ರೀಸಾಮಾನ್ಯ ‘ಸಹಕರಿಸಬಹುದು’. ಸಹಕಾರ! ಗೌಡ ಉಳುವಾಗ ಎತ್ತು ಸಹಕರಿಸುವ ಹಾಗೆ. 2021ರ ಮೇ ತಿಂಗಳಲ್ಲಿ ಪೋಪ್ ಫ್ರಾನ್ಸಿಸ್ ಉಪದೇಶಿಯ ಕೆಲಸವನ್ನು ಸಭೆಯ ವಿಧ್ಯುಕ್ತ ಸೇವೆ ಅಂತ ಸಾರಿದರು. ಅದೇ ವರ್ಷದ ಜನವರಿಯಲ್ಲಿ ಪೀಠದ ಮುಂದೆ ವಾಚನ ಮಾಡುವ, ಬಲಿಪೀಠದ ಬಳಿ ಸೇವೆ ಮಾಡುವ ಅಧಿಕೃತ ಪದವಿಗಳನ್ನು ಹೆಂಗಸರಿಗೂ ತೆರೆದರು. ಒಳ್ಳೆಯ ಮನುಷ್ಯ, ಒಳ್ಳೆಯ ಮಾತು. ಆದರೆ ಆ ಪದವಿಯ ಜೊತೆ ಸಂಬಳ ಬಂತೇ, ಸಹಿ ಬಂತೇ, ಮತ ಬಂತೇ?

ಇದೇ ಸಂಹಿತೆಯಲ್ಲಿ ಇನ್ನೊಂದು ನಿಯಮವಿದೆ, ನಮ್ಮ ಪ್ರಕಾರ ಇಡೀ ಕಟ್ಟಡವನ್ನು ಅಲ್ಲಾಡಿಸಬಲ್ಲ ನಿಯಮ. ಮಗು ಸಾಯುವ ಸ್ಥಿತಿಯಲ್ಲಿದ್ದು ಗುರುಗಳು ಹತ್ತಿರ ಇಲ್ಲದಿದ್ದರೆ ಯಾರು ಬೇಕಾದರೂ ನೀರು ಹಾಕಿ ದೀಕ್ಷಾಸ್ನಾನ ಕೊಡಬಹುದು. ಸೂಲಗಿತ್ತಿ ಕೊಡಬಹುದು, ಕ್ರೈಸ್ತನೇ ಅಲ್ಲದವನೂ ಕೊಡಬಹುದು. ಅದು ಪೂರ್ಣ ದೀಕ್ಷೆ, ಮತ್ತೆ ಮಾಡಬೇಕಾಗಿಲ್ಲ. ಹಾಗಾದರೆ ಸಾವಿನ ಹೊತ್ತಿಗೆ ಸಾಕಾಗುವ ಕೈ ಬದುಕಿನ ಹೊತ್ತಿಗೆ ಯಾಕೆ ಸಾಲದು? ತುರ್ತು ಪರಿಸ್ಥಿತಿ ಇದ್ದರೆ ಮಾತ್ರ ಅಂತೀರಾ? ನಮ್ಮ ಕಾಲೋನಿಗಳಲ್ಲಿ ಯಾವ ದಿನ ತುರ್ತು ಪರಿಸ್ಥಿತಿ ಇರಲಿಲ್ಲ ಹೇಳಿ.

ಪ್ರಾಟೆಸ್ಟಂಟ್ ಗೆಳೆಯರು ಇಷ್ಟು ಓದಿ ನಗುತ್ತಿರಬಹುದು. ನಮ್ಮಲ್ಲಿ ಹಾಗಿಲ್ಲಪ್ಪ, 1947ರಲ್ಲಿ ಸಿ.ಎಸ್.ಐ. ಹುಟ್ಟಿದಾಗಿನಿಂದ ಸಿನೋಡಿನಲ್ಲಿ ವಿಶ್ವಾಸಿಗಳಿಗೆ ಮತ ಇದೆ, ಸಮಿತಿಗಳಲ್ಲಿ ಕುರ್ಚಿ ಇದೆ ಅಂತ. ಇದೆ, ಒಪ್ಪಿದೆವು. ಯಾವ ವಿಶ್ವಾಸಿಗೆ? ಪೇಟೆಯ ಸಭೆಯ ವಕೀಲನಿಗೆ, ಕಂಟ್ರಾಕ್ಟರನಿಗೆ, ರಿಟೈರಾದ ಹೆಡ್‌ಮಾಸ್ಟರಿಗೆ. ಮಿಷನ್ ಕಾಂಪೌಂಡಿನ ಆಸ್ತಿ ಯಾರಿಗೆ ಅಂತ ಕೋರ್ಟಿನ ಮೆಟ್ಟಿಲು ಸವೆಸುವವರೂ ಶ್ರೀಸಾಮಾನ್ಯರೇ. ಕಾಲೋನಿಯ ಕೂಲಿ ಹೆಂಗಸು ಆ ಸಮಿತಿಗೆ ನಿಂತು ಗೆದ್ದದ್ದನ್ನು ನೀವು ಯಾರಾದರೂ ಕಂಡಿದ್ದರೆ ಪತ್ರಿಕೆಗೆ ಬರೆಯಿರಿ, ನಾವು ಸಂತೋಷದಿಂದ ಅಚ್ಚು ಹಾಕುತ್ತೇವೆ. ‘ಶ್ರೀಸಾಮಾನ್ಯ’ ಎಂಬ ಚೀಲದೊಳಗೆ ಎಲ್ಲರನ್ನೂ ತುಂಬಿ ಅಲ್ಲಾಡಿಸಿದರೆ ಭಾರದ್ದೇ ಮೇಲೆ ಬರುತ್ತದೆ, ಹಗುರದ್ದು ತಳದಲ್ಲೇ ಉಳಿಯುತ್ತದೆ. ಇದು ಭೌತಶಾಸ್ತ್ರಕ್ಕೆ ವಿರುದ್ಧ ಅಂತ ಗೊತ್ತು, ಆದರೆ ಜಾತಿಯ ಚೀಲದಲ್ಲಿ ಹೀಗೇ ಆಗುತ್ತದೆ.

ಹೆಂಗಸರ ಮಾತು ಬಂತು. ಮಿಷನ್ ಕಾಲದಿಂದಲೂ ಮನೆಮನೆಯ ಅಡಿಗೆಮನೆಗೆ ಹೋಗಿ ಓದು ಕಲಿಸಿದವರು ‘ಬೈಬಲ್ ವುಮನ್’ ಅಂತ ಕರೆಸಿಕೊಂಡ ಹೆಂಗಸರು. ಎಷ್ಟೋ ಕಡೆ ವರದಿಗಳಲ್ಲಿ ಅವರ ಸಂಖ್ಯೆ ಇದೆ, ಹೆಸರಿಲ್ಲ. ನಮ್ಮ ನೆರೆಯ ಆಂಧ್ರದ ನಂದ್ಯಾಲ ಪ್ರಾಂತಕ್ಕೆ 2013ರಲ್ಲಿ ಪುಷ್ಪ ಲಲಿತ ಅವರು ಬಿಷಪ್ ಆದರು, ಸಿ.ಎಸ್.ಐ.ಗೆ ಅವರೇ ಮೊದಲ ಮಹಿಳಾ ಬಿಷಪ್. 2022ರಲ್ಲಿ ಕರ್ನೂಲು ಸೀಮೆಯ ದಲಿತ ಅಂತೋನಿ ಪೂಲ ಅವರು ಕಾರ್ಡಿನಲ್ ಆದರು, ಅವರೂ ಮೊದಲನೆಯವರೇ. ನಮಗೆ ಹೆಮ್ಮೆಯಿದೆ, ಸುಳ್ಳು ಹೇಳುವುದಿಲ್ಲ. ಆದರೆ ಒಬ್ಬ ಮಂತ್ರಿಯಾದರೆ ಕೇರಿಗೆ ನೀರು ಬರುವುದಿಲ್ಲ ಎಂಬುದನ್ನು ಬಸವಲಿಂಗಪ್ಪನವರ ಕಾಲದಿಂದ ನಾವು ನೋಡುತ್ತಾ ಬಂದಿದ್ದೇವೆ. ಬೂಸಾ ಗಲಾಟೆಯಲ್ಲಿ ಆ ಮಂತ್ರಿಯನ್ನೇ ಮನೆಗೆ ಕಳಿಸಿದರಲ್ಲ!

ಇನ್ನು ಯಾರ ಅಪ್ಪಣೆಗೂ ಕಾಯದೆ ತಾವೇ ಸಭೆ ಶುರುಮಾಡಿದ ಪಾಸ್ಟರುಗಳಿದ್ದಾರೆ. ಅವರಲ್ಲಿ ಬಹಳ ಜನ ನಮ್ಮ ಕೇರಿಯ ಹುಡುಗರೇ. ಧೈರ್ಯ ಮೆಚ್ಚಬೇಕು. ಆದರೆ ಮೂರು ವರ್ಷ ಆಗುವುದರೊಳಗೆ ಕೆಲವರು ಮೈಕು, ಕೋಟು, ‘ದೇವರ ದಾಸರು’ ಎಂಬ ಬಿರುದು ಎಲ್ಲ ಹಾಕಿಕೊಂಡು, ದಶಮಾಂಶ ಕೊಡದ ವಿಧವೆಯನ್ನು ಗದರುವ ಹಂತಕ್ಕೆ ಬಂದಿದ್ದಾರೆ. ಲೆಕ್ಕ ಕೇಳುವವರಿಲ್ಲ. ಪುರೋಹಿತನನ್ನು ಓಡಿಸಿ ಅವನ ಮಣೆಯ ಮೇಲೆ ತಾನೇ ಕೂತರೆ ಮಣೆ ಬಿಸಿಯಾಗಿಯೇ ಇರುತ್ತದೆ. ದುರ್ಗದ ಸುತ್ತಮುತ್ತ ಜಾತಿಗೊಂದು ಪೀಠ ಎದ್ದಿರುವುದನ್ನು ದಿನವೂ ನೋಡುವ ನಮಗೆ ಇದನ್ನು ವಿವರಿಸಬೇಕಾಗಿಲ್ಲ.

ಬಾಬಾಸಾಹೇಬರು ಈ ಮಣೆಯ ಬಗ್ಗೆಯೇ ಯೋಚಿಸಿದ್ದರು. 1936ರ ‘ಜಾತಿ ವಿನಾಶ’ದಲ್ಲಿ, ಪುರೋಹಿತ ಕಸುಬು ಹೋಗುವುದೇ ಒಳ್ಳೆಯದು, ಹೋಗದಿದ್ದರೆ ಹುಟ್ಟಿನಿಂದ ಬರುವುದಾದರೂ ನಿಲ್ಲಲಿ, ಯಾರು ಬೇಕಾದರೂ ಪರೀಕ್ಷೆ ಕಟ್ಟಿ ಸರ್ಕಾರದ ಸನದು ಪಡೆಯಲಿ ಅಂದರು. ಗಮನಿಸಿ, ಅಲ್ಲಿ ಪರೀಕ್ಷೆಯ ಜೊತೆ ಸನದು ಇದೆ. ಕಲಿತವನಿಗೆ ಹಕ್ಕುಪತ್ರ. ನಮ್ಮ ಶಿಬಿರಗಳಲ್ಲಿ ಪರೀಕ್ಷೆ ಉಳಿಸಿಕೊಂಡು ಸನದು ಬಿಟ್ಟಿದ್ದಾರೆ. ಮತ್ತೆ ಇಪ್ಪತ್ತು ವರ್ಷದ ಮೇಲೆ, 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಬಾಬಾಸಾಹೇಬರು ಭಿಕ್ಷು ಚಂದ್ರಮಣಿಯವರಿಂದ ದೀಕ್ಷೆ ಪಡೆದರು. ಆಮೇಲೆ ಏನು ಮಾಡಿದರು? ಭಿಕ್ಷುವಲ್ಲದ, ಚೀವರ ಹೊದೆಯದ, ಬಿಳಿ ಬಟ್ಟೆಯ ಆ ಗೃಹಸ್ಥ ಎದ್ದು ನಿಂತು ಲಕ್ಷಾಂತರ ಜನಕ್ಕೆ ತಾವೇ ದೀಕ್ಷೆ ಕೊಟ್ಟರು. ಈ ಕಾಲದ ಅತಿ ದೊಡ್ಡ ಶ್ರೀಸಾಮಾನ್ಯ ಸೇವೆ ಅಂದರೆ ಅದು. ಅವರಿಗೆ ಯಾವ ಶಿಬಿರದ ಸರ್ಟಿಫಿಕೇಟು ಇತ್ತು?

ಕ್ರೈಸ್ತರ ಪುಸ್ತಕದಲ್ಲೂ ಇದು ಇದೆ. ಅಪೊಸ್ತಲರ ಕೃತ್ಯಗಳನ್ನು ನಮ್ಮ ಉಪದೇಶಿಯ ಹತ್ತಿರ ಇಸಕೊಂಡು ಓದಿ. ಪೇತ್ರ ಯೊಪ್ಪ ಎಂಬ ಊರಿಗೆ ಬಂದಾಗ ಇಳಿದುಕೊಂಡದ್ದು ಯಾರ ಮನೆಯಲ್ಲಿ? ಸಮುದ್ರದ ಪಕ್ಕ, ಊರಾಚೆ ನಾತದ ಜಾಗದಲ್ಲಿ ತೊಗಲು ಹದ ಮಾಡುವ ಸೀಮೋನನ ಮನೆಯಲ್ಲಿ. ಯೆಹೂದ್ಯರ ಆಚಾರದಲ್ಲಿ ಅದು ಮೈಲಿಗೆಯ ಕಸುಬು. ಆ ಮನೆಯ ಮಾಳಿಗೆಯ ಮೇಲೆ, ಮಧ್ಯಾಹ್ನ ಹಸಿದು ಕೂತಾಗ, ಪೇತ್ರನಿಗೆ ದರ್ಶನವಾಯಿತು: ದೇವರು ಶುದ್ಧ ಮಾಡಿದ್ದನ್ನು ನೀನು ಹೊಲೆ ಅನ್ನಬೇಡ ಎಂಬ ಅರ್ಥದ ದರ್ಶನ. ಅದಾದ ಮೇಲೇ ಅವನು ಅನ್ಯಜಾತಿಯ ಕೊರ್ನೇಲ್ಯನ ಹೊಸಿಲು ದಾಟಿದ್ದು. ಗೆಳೆಯರೇ, ಅಲ್ಲಿ ತರಬೇತಿ ಪಡೆದವನು ಮಾದಿಗನಲ್ಲ, ಅಪೊಸ್ತಲ! ಶಿಬಿರ ನಡೆದದ್ದು ನಮ್ಮ ಮನೆಯ ಮಾಳಿಗೆಯಲ್ಲಿ! ಇನ್ನೂ ಮುಂದೆ ಓದಿದರೆ ಅಕ್ವಿಲ, ಪ್ರಿಸ್ಕಿಲ್ಲ ಎಂಬ ಗಂಡ ಹೆಂಡತಿ ಸಿಕ್ಕುತ್ತಾರೆ. ಗುಡಾರ ಹೊಲಿಯುವವರು. ಅಪೊಲ್ಲೋಸ ಎಂಬ ಮಹಾ ವಾಗ್ಮಿಯ ಪ್ರಸಂಗ ಕೇಳಿ, ಇವನಿಗೆ ಇನ್ನೂ ಪೂರ್ತಿ ಗೊತ್ತಿಲ್ಲ ಅನ್ನಿಸಿ, ಅವನನ್ನು ಕರೆದು ಕೂರಿಸಿಕೊಂಡು ತಿಳಿಯಹೇಳಿದರು. ಹೊಲಿಗೆಯವರು ಪಂಡಿತನಿಗೆ ಪಾಠ ಹೇಳಿದರು. ಇದನ್ನು ಯಾವ ಶಿಬಿರದ ಪಠ್ಯದಲ್ಲಿ ಸೇರಿಸಿದ್ದಾರೆ?

ದೇವತಾಶಾಸ್ತ್ರದ ಕಾಲೇಜುಗಳಲ್ಲೂ ಈ ಎಚ್ಚರ ಬಂದಿತ್ತು. 1981ರಲ್ಲಿ ಬೆಂಗಳೂರಿನ ಯುನೈಟೆಡ್ ಥಿಯಲಾಜಿಕಲ್ ಕಾಲೇಜಿನಲ್ಲಿ ಅರವಿಂದ ನಿರ್ಮಲ್ ಮಾಡಿದ ಭಾಷಣದಿಂದ ದಲಿತ ದೇವತಾಶಾಸ್ತ್ರ ಎಂಬ ಧಾರೆಯೇ ಹುಟ್ಟಿತು. ದಪ್ಪ ದಪ್ಪ ಪುಸ್ತಕಗಳು ಬಂದವು, ಹೆಚ್ಚಿನವು ಇಂಗ್ಲಿಷಿನಲ್ಲಿ. ಕನ್ನಡದಲ್ಲಿ ಕಲಿಯಬೇಕೆಂದರೆ ತುಮಕೂರಿನಲ್ಲಿ ಒಂದು ಸೆಮಿನರಿ ಇತ್ತು, ಚಳ್ಳಕೆರೆಯಿಂದ ಬಸ್ಸಿನಲ್ಲಿ ಹೋಗಿಬರಬಹುದಾದ ದೂರ. 1965ರಲ್ಲಿ ಅದು ಮಂಗಳೂರಿನದರ ಜೊತೆ ಕೂಡಿ ಬಲ್ಮಠದ ಕರ್ನಾಟಕ ಥಿಯಲಾಜಿಕಲ್ ಕಾಲೇಜು ಆಯಿತು. ಬಯಲುಸೀಮೆಯ ಉಪದೇಶಿ ಘಟ್ಟ ಇಳಿದು ಕಲಿಯಬೇಕಾಯಿತು. ನಮ್ಮ ಹೆಸರಿನಲ್ಲಿ ಹುಟ್ಟಿದ ಶಾಸ್ತ್ರ ನಮ್ಮ ಉಪದೇಶಿಯ ಚೀಲಕ್ಕೆ ಇನ್ನೂ ಬಂದಿಲ್ಲ.

ಇಷ್ಟೆಲ್ಲ ಗಟ್ಟಿಯಾಗಿ ಹೇಳುವುದಕ್ಕೆ ಕಾರಣವಿದೆ. 2021ರಲ್ಲಿ ನಮ್ಮದೇ ಜಿಲ್ಲೆಯ ಹೊಸದುರ್ಗದ ಶಾಸಕರು ಮತಾಂತರದ ವಿಷಯ ವಿಧಾನಸಭೆಯಲ್ಲಿ ಎತ್ತಿದರು. ತಾಲ್ಲೂಕಿನಲ್ಲಿ ವಿಚಾರಣೆ ನಡೆಸಿದ ತಹಶೀಲ್ದಾರರು ಬಲವಂತದ ಮತಾಂತರ ಕಂಡಿಲ್ಲ ಅಂತ ವರದಿ ಕೊಟ್ಟರು, ಹೆಚ್ಚು ದಿನ ಆಗುವ ಮುಂಚೆ ಅವರಿಗೆ ವರ್ಗವಾಯಿತು. 2022ರಲ್ಲಿ ಕಾಯ್ದೆಯೇ ಬಂತು. 2023ರ ಜೂನಿನಲ್ಲಿ ಹೊಸ ಸರ್ಕಾರದ ಸಂಪುಟ ಅದನ್ನು ಹಿಂದಕ್ಕೆ ತೆಗೆಯುವ ತೀರ್ಮಾನ ಮಾಡಿತು. ಆ ದಿನಗಳಲ್ಲಿ ಭಯ ಹೊಕ್ಕದ್ದು ಧರ್ಮಾಧ್ಯಕ್ಷರ ಬಂಗಲೆಗಲ್ಲ, ಶೀಟಿನ ಮನೆಯಲ್ಲಿ ಹತ್ತು ಜನರನ್ನು ಕೂರಿಸಿಕೊಂಡು ಪ್ರಾರ್ಥನೆ ಮಾಡುವ ಕೂಲಿಯವನ ಎದೆಗೆ. ಅವನಿಗೆ ಗುರುತಿನ ಚೀಟಿಯಿಲ್ಲ, ನೇಮಕದ ಕಾಗದವಿಲ್ಲ, ವಕೀಲನಿಲ್ಲ. ‘ನಿನ್ನನ್ನು ಇಲ್ಲಿ ಪ್ರಾರ್ಥನೆ ಮಾಡೋಕೆ ಯಾರು ಕಳಿಸಿದ್ದು?’ ಅಂದರೆ ತೋರಿಸಲು ಗುಂಪು ಫೋಟೊ ಒಂದೇ. ಏಟು ತಿನ್ನುವ ಹೊತ್ತಿಗೆ ಅವನು ಸಭೆಯ ಪ್ರತಿನಿಧಿ, ತೀರ್ಮಾನದ ಹೊತ್ತಿಗೆ ಶ್ರೀಸಾಮಾನ್ಯ.

ಆದ್ದರಿಂದ ಮುಂದಿನ ಶಿಬಿರದ ಕರಪತ್ರ ಕಾಲೋನಿಗೆ ಬಂದಾಗ ಅಲ್ಲಿನ ಹುಡುಗರು ಕೇಳಬೇಕು: ಸ್ವಾಮೀ, ಮೂರು ದಿನ ಆದಮೇಲೆ ನಮ್ಮ ಉಪದೇಶಿಗೆ ನೇಮಕದ ಕಾಗದ ಕೊಡುತ್ತೀರಾ? ಕನಿಷ್ಠ ಕೂಲಿಯಷ್ಟಾದರೂ ಸಂಬಳ, ಬಿದ್ದಾಗ ಆಸ್ಪತ್ರೆ ಖರ್ಚು ಕೊಡುತ್ತೀರಾ? ಕಾಣಿಕೆಯ ಲೆಕ್ಕವನ್ನು ಚಾಪೆಯ ಮೇಲೆ ಕೂತವರ ಮುಂದೆ ಕನ್ನಡದಲ್ಲಿ ಓದುತ್ತೀರಾ? ಸಾವಿನ ರಿಜಿಸ್ಟರಿಗೆ ಮಣ್ಣು ಮಾಡಿದವನೇ ಸಹಿ ಹಾಕಬಹುದಾ? ಸಮಿತಿಯಲ್ಲಿ ಕಾಲೋನಿಯ ಹೆಂಗಸರು ಎಷ್ಟು ಜನ? ರೊಟ್ಟಿಯ ವಿಷಯ ಮಾತ್ರ ಕೊನೆಗಿರಲಿ ಅಂತ ಕೆಲವರು ಸಲಹೆ ಕೊಡುತ್ತಾರೆ, ಅದು ಸೂಕ್ಷ್ಮ ವಿಷಯವಂತೆ. ನಾವು ಅದನ್ನೇ ಮೊದಲು ಕೇಳುತ್ತೇವೆ. ಸಹಪಂಕ್ತಿಯ ಪ್ರಶ್ನೆ ನಮಗೆ ಎಂದೂ ಸೂಕ್ಷ್ಮವಾಗಿರಲಿಲ್ಲ. ಊರ ಸಭೆಯೇ ಆರಿಸಿಕೊಂಡ, ಊರಿಗೇ ಉತ್ತರ ಹೇಳಬೇಕಾದ, ಬೇಡವಾದರೆ ಊರೇ ಬದಲಾಯಿಸಬಹುದಾದ ಗಂಡಸೋ ಹೆಂಗಸೋ ಆ ಮೇಜಿನ ಮುಂದೆ ನಿಲ್ಲಲಿ. ಅದಕ್ಕೆ ಕಲಿಯಬೇಕಾದ್ದನ್ನು ಕಲಿಯಲು ನಮ್ಮವರು ತಯಾರು.

ಒಂದು ಶಿಬಿರವನ್ನು ನಾವೇ ಇಟ್ಟುಕೊಳ್ಳೋಣ ಅಂತಿದ್ದೇವೆ, ಪೇಟೆಯಲ್ಲಲ್ಲ, ನಮ್ಮ ಕಾಲೋನಿಯಲ್ಲಿ. ಶಿಬಿರಾರ್ಥಿಗಳು ಪಾದ್ರಿಗಳು, ಅಯ್ಯನವರುಗಳು, ಡಯಾಸಿಸ್ಸಿನ ಕಾರ್ಯದರ್ಶಿಗಳು. ಈ ಪತ್ರಿಕೆ ಓದುವ ಸಂಘಟನೆಯ ಗೆಳೆಯರಲ್ಲೂ, ವೇದಿಕೆಯಿಂದ ಇಳಿಯದೆ ಕೂಲಿಕಾರರಿಗೆ ಎರಡು ಗಂಟೆ ಭಾಷಣ ಮಾಡುವವರಿದ್ದರೆ ಅವರೂ ಬರಬಹುದು. ಪಾಠ ಹೇಳುವವರು ಉಪದೇಶಿ, ಆಸಾದಿ, ಆ ಅಜ್ಜಿ. ರಾತ್ರಿ ಶೀಟಿನ ಮನೆಯಲ್ಲೇ ಮಲಗಬೇಕು. ಮುದ್ದೆ, ಸಾರು ನಮ್ಮದು, ತಟ್ಟೆ ಅವರವರೇ ತೊಳೆದುಕೊಳ್ಳಬೇಕು. ದಿನ ಗೊತ್ತುಮಾಡಿ ಮೊದಲೇ ಕಾಗದ ಬರೆಯಲಿ. ಶೇಂಗಾ ಕೀಳುವ ತಿಂಗಳು ಬಿಟ್ಟು ಯಾವಾಗ ಬಂದರೂ ಆದೀತು.